ಬುಧವಾರಕ್ಕೂ ಶುಕ್ರವಾರಕ್ಕೂ ನಡುವೆ

ವಾರಕ್ಕೆ ಏಳೇ ದಿನ. ದೊಡ್ಡವರಿಗೆ ಅದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಪಟ್ಟಿ. ರಾಗ ಹಾಕಿ ಹೇಳಿಕೊಟ್ಟರೆ ಮಕ್ಕಳೂ ಎರಡು ದಿನದಲ್ಲಿ ಒಪ್ಪಿಸಿಬಿಡುತ್ತಾರೆ. ಕಷ್ಟ ಇರುವುದು ಬಾಯಲ್ಲಿ ಅಲ್ಲ, ಬಳಪದಲ್ಲಿ. ಅದೇ ಏಳು ಹೆಸರನ್ನು ಸ್ಲೇಟಿನ ಮೇಲೆ ಬರೆಯಿರಿ ಎಂದ ಕೂಡಲೇ ಹಾಡು ನಿಂತುಹೋಗುತ್ತದೆ. ಸರ್ಕಾರಿ ಶಾಲೆಯ ಮಗು ಮೂರನೇ ತರಗತಿ ದಾಟುವ ಹೊತ್ತಿಗೆ ಕನ್ನಡದ ಏಳು, ಇಂಗ್ಲಿಷಿನ ಏಳು, ಒಟ್ಟು 14 ಹೆಸರುಗಳನ್ನು ತಪ್ಪಿಲ್ಲದೆ ಬರೆಯಬೇಕೆಂದು ಟೀಚರು, ಅಪ್ಪ ಅಮ್ಮ ಎಲ್ಲರೂ ಬಯಸುತ್ತಾರೆ. ಅದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಾದದ್ದು ಕಳೆದ ವರ್ಷ.

ನನ್ನ ಪಿಎಚ್.ಡಿ. ಶಾಸನಗಳ ಮೇಲೆ. ಶಿರಾ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಕಲ್ಲುಗಳನ್ನು ನೋಡಿ, ಅಚ್ಚಾದ ಪಾಠದ ಜೊತೆ ಹೋಲಿಸಿಕೊಂಡು ಬರುವ ಕೆಲಸವಿತ್ತು. ಅಕ್ಕ ಅದೇ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಾಲ್ಕು ತಿಂಗಳು ಅವಳ ಮನೆಯಲ್ಲೇ ಉಳಿದೆ. ಸವೆದ ಕಲ್ಲಿನ ಅಕ್ಷರ ಓದಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೇ ಬೇಕು. ಸೂರ್ಯ ನೆತ್ತಿಗೆ ಬಂದರೆ ಅಕ್ಷರವೂ ಕಲ್ಲೂ ಒಂದೇ ಆಗಿ ಕಾಣುತ್ತವೆ. ಹೀಗಾಗಿ ನಡುವಿನ ಹೊತ್ತು ಖಾಲಿ. ‘ಸುಮ್ನೆ ಮನೇಲಿ ಕೂತು ಏನ್ಮಾಡ್ತೀಯ, ಬಾ’ ಎಂದು ಅಕ್ಕ ನಲಿಕಲಿ ಕೋಣೆಗೆ ಕರೆದುಕೊಂಡು ಹೋದಳು. ಮಕ್ಕಳು ಅವಳನ್ನು ಮಿಸ್ಸು ಎಂದೂ ನನ್ನನ್ನು ಚಿಕ್ಕಮಿಸ್ಸು ಎಂದೂ ಕರೆದರು.

ನಲಿಕಲಿ ಶುರುವಾದದ್ದು 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಕೂರುತ್ತಾರೆ. ತಲೆಯ ಮೇಲೆ ದಾರದ ಚಪ್ಪರ. ಅದರಲ್ಲಿ ಮಕ್ಕಳು ಬಿಡಿಸಿದ ಚಿತ್ರ, ಬರೆದ ಹಾಳೆ ತೂಗಾಡುತ್ತವೆ. ಅಲ್ಲಿ ಅಕ್ಷರ ಕಲಿಯುವುದು ಅ ಆ ಇ ಈ ಎಂಬ ಕ್ರಮದಲ್ಲಲ್ಲ. ಮೊದಲ ಗುಂಪು ರ ಗ ಸ ದ ಅ. ಆಮೇಲಿನದು ಜ ವ ಮ ಬ ನ. ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಬಹುದಾದ ಅಕ್ಷರಗಳು ಮುಂದೆ. ಮಹಾಪ್ರಾಣ, ಒತ್ತಕ್ಷರ ಎಲ್ಲ ಹಿಂದೆ.

ಒಂದು ಮಧ್ಯಾಹ್ನ ಈ ಹತ್ತು ಅಕ್ಷರಗಳನ್ನು ಎದುರಿಗಿಟ್ಟುಕೊಂಡು ಯಾವ ಯಾವ ವಾರ ಬರೆಯಬಹುದು ಎಂದು ಲೆಕ್ಕ ಹಾಕಿದೆ. ಗುಣಿತ ಬಂದರೆ ಸೋಮವಾರ ಬರೆಯಬಹುದು, ಗುರುವಾರ ಬರೆಯಬಹುದು. ಉತ್ತರ ಕರ್ನಾಟಕದ ಮಗುವಾದರೆ ರವಿವಾರವನ್ನೂ ಬರೆಯಬಹುದು. ಮಂಗಳವಾರಕ್ಕೆ ಳ ಬರುವವರೆಗೆ ಕಾಯಬೇಕು. ಶನಿವಾರಕ್ಕೆ ಶ ಬೇಕು. ಶುಕ್ರವಾರಕ್ಕೆ ಶ, ಕ, ಜೊತೆಗೆ ರ ಒತ್ತು. ಭಾನುವಾರಕ್ಕೂ ಬುಧವಾರಕ್ಕೂ ಹೊಟ್ಟೆ ಸೀಳಿದ ಅಕ್ಷರ ಬರಬೇಕು. ಎಂದರೆ ಮಗುವಿನ ಕೈಗೆ ವಾರ ಒಂದೇ ಸಲ ಸಿಗುವುದಿಲ್ಲ. ಬಿಡಿಬಿಡಿಯಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ಸಿಗುತ್ತದೆ.

ಆದರೆ ಮಕ್ಕಳು ಕಾಯುವುದಿಲ್ಲ. ಇರುವ ಅಕ್ಷರದಲ್ಲೇ ಬರೆದುಬಿಡುತ್ತಾರೆ: ಬುದವಾರ, ಬಾನುವಾರ, ಸನಿವಾರ. ನಾವು ಕನ್ನಡದ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು, ನುಡಿದಂತೆ ಬರೆಯುವ ಭಾಷೆ ಅಂತ. ಹಾಗಾದರೆ ಆ ಮಗು ಬರೆದದ್ದು ಸರಿಯೇ ಅಲ್ಲವೇ? ಅದು ನುಡಿದಂತೆಯೇ ಬರೆದಿದೆ. ಆ ಊರಿನಲ್ಲಿ ಯಾರೂ ಬುಧವಾರದ ಧಕಾರಕ್ಕೆ ಉಸಿರು ಕೊಟ್ಟು ಮಾತಾಡುವುದಿಲ್ಲ, ನಾನೂ ಇಲ್ಲ. ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಕನ್ನಡದ ಬರವಣಿಗೆಯಿಂದ ಕೈಬಿಡಬೇಕೆಂದು ವಾದಿಸಿದ್ದು ಇದೇ ಕಾರಣಕ್ಕೆ. ಎಂ.ಎ. ತರಗತಿಯಲ್ಲಿ ಅದು ನಮಗೆ ಬಿಸಿಬಿಸಿ ಚರ್ಚೆಯ ವಿಷಯವಾಗಿತ್ತು. ಇಲ್ಲಿ ಅದೇ ವಿಷಯ ಏಳು ವರ್ಷದ ಹುಡುಗನ ಸ್ಲೇಟಿನ ಮೇಲೆ ಕೂತಿತ್ತು.

ಇಂಗ್ಲಿಷಿನ ಕಥೆ ಬೇರೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಡೇ ಎಂಬುದು ಏಳರಲ್ಲೂ ಸಮಾನವಾದ್ದರಿಂದ ಬಾಲ ಸುಲಭ. ತಲೆಯೇ ತೊಂದರೆ. ಟ್ಯೂಸ್‌ಡೇಗೆ ಚ ಎಲ್ಲಿ ಎಂದು ಒಬ್ಬ ಹುಡುಕಿದ, ಅವನ ಕಿವಿಗೆ ಅದು ಚ್ಯೂಸ್‌ಡೇ. ಎಲ್ಲಕ್ಕಿಂತ ದೊಡ್ಡ ಗೋಡೆ ವೆಡ್ನೆಸ್‌ಡೇ. ಬಾಯಲ್ಲಿ ವೆನ್ಸ್‌ಡೇ, ಬರೆಯುವಾಗ ನಡುವೆ ಡಿ. ಎಲ್ಲ ಟೀಚರುಗಳಂತೆ ಅಕ್ಕನೂ ಅದನ್ನು ಮುರಿದು ಕೂಗಿಸುತ್ತಾಳೆ: ವೆಡ್, ನೆಸ್, ಡೇ. ಮಕ್ಕಳು ಕೈ ತಟ್ಟಿಕೊಂಡು ಕೂಗುತ್ತಾರೆ, ಬರೆಯುವಾಗಲೂ ತುಟಿ ಅಲ್ಲಾಡಿಸುತ್ತಾರೆ. ಉಪಾಯ ಒಳ್ಳೆಯದೇ. ಆದರೂ ಎರಡನೇ ಸಾಲಿನಿಂದ ಒಂದು ಪ್ರಶ್ನೆ ಬಂತು: ‘ಮಿಸ್, ಹೇಳದೇ ಇರೋದನ್ನ ಯಾಕೆ ಬರೀಬೇಕು?’

ಅಕ್ಕ ನನ್ನ ಮುಖ ನೋಡಿದಳು. ‘ನೀನೇ ಹೇಳಮ್ಮ, ಓದಿದೋಳು.’

ಹೇಳಿದೆ. ತುಂಬ ಹಿಂದೆ ಇಂಗ್ಲೆಂಡಿನ ಜನ ವೋಡನ್ ಎಂಬ ದೇವರನ್ನು ಪೂಜಿಸುತ್ತಿದ್ದರು, ಅವನ ದಿನ ಅದು. ಆ ಡಿ ಎಂಬುದು ದೇವರ ಹೆಸರಿನೊಳಗಿನ ಡಿ. ಹೆಸರು ಬಾಯಲ್ಲಿ ಸವೆಯಿತು, ಅಕ್ಷರ ಉಳಿಯಿತು. ಥರ್ಸ್‌ಡೇ ಗುಡುಗಿನ ದೇವರು ಥಾರನ ದಿನ. ಸಂಡೇ ಸೂರ್ಯನದು, ಮಂಡೇ ಚಂದ್ರನದು. ಇಷ್ಟು ಹೇಳುವಷ್ಟರಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ‘ಭಾನು ಅಂದ್ರೂ ಸೂರ್ಯನೇ ಅಲ್ವಾ ಮಿಸ್’ ಎಂದಳು. ಸೋಮ ಎಂದರೂ ಚಂದ್ರನೇ ಎಂದೆ. ಕೋಣೆಯಲ್ಲಿ ಒಂದು ಕ್ಷಣ ಸದ್ದಿರಲಿಲ್ಲ. ಅವರ ಮಂಡೇ ನಮ್ಮ ಸೋಮವಾರವೇ ಎಂಬುದು ಮಕ್ಕಳಿಗೆ ಮೊದಲೇ ಗೊತ್ತಿತ್ತು; ಆದರೆ ಎರಡು ಹೆಸರಿನೊಳಗೂ ಒಬ್ಬನೇ ಚಂದ್ರ ಇದ್ದಾನೆ ಎಂಬುದು ಹೊಸತು. ಗ್ರಹಗಳ ಈ ಸಾಲು ಗ್ರೀಕ್ ಮತ್ತು ರೋಮನ್ ಜಗತ್ತಿನಿಂದ ಒಂದು ಕಡೆ ನಮ್ಮತ್ತ, ಇನ್ನೊಂದು ಕಡೆ ಇಂಗ್ಲೆಂಡಿನತ್ತ ನಡೆದುಹೋಯಿತು. ರೋಮನ್ನರು ಬುಧಗ್ರಹಕ್ಕೆ ಕೊಟ್ಟ ದಿನವನ್ನೇ ಅಲ್ಲಿಯವರು ವೋಡನ್‌ಗೆ ಕೊಟ್ಟರು. ಎರಡು ಸಾವಿರ ವರ್ಷದ ಆ ದಾರಿ ಕೊನೆಗೆ ಈ ಮಕ್ಕಳ ಸ್ಲೇಟಿನಲ್ಲಿ ಬಂದು ಕೂಡಿಕೊಂಡಿದೆ.

ಇನ್ನೊಂದು ಸಂಗತಿ ನನಗೆ ಆಗ ಹೊಳೆಯಿತು. ಎರಡು ಭಾಷೆಯಲ್ಲೂ ಮಕ್ಕಳು ಎಡವುವ ದಿನ ಒಂದೇ. ಇಂಗ್ಲಿಷಿನ ಬುಧವಾರದಲ್ಲಿ ಹೇಳದ ಒಂದು ಅಕ್ಷರವಿದೆ. ಕನ್ನಡದ ಬುಧವಾರದಲ್ಲಿ ಬಿಡದ ಒಂದು ಉಸಿರಿದೆ. ಇಂಗ್ಲಿಷನ್ನು ವಿಚಿತ್ರ ಎಂದು ನಗುವ ನಾವು ಧಕಾರ ತಪ್ಪಿದ ಮಗುವಿಗೆ ಮಾತ್ರ ಉಚ್ಚಾರಣೆ ಸರಿ ಇಲ್ಲ ಎನ್ನುತ್ತೇವೆ.

ಸಂಜೆ ಕಲ್ಲುಗಳ ಹತ್ತಿರ ಹೋದರೆ ಅಲ್ಲೂ ವಾರಗಳೇ. ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಬೆನ್ನಿಗೆ ವಾರ ಬರುತ್ತದೆ. ಕಲ್ಲು ಕೊರೆಯುವವನಿಗೆ ಕಾಗುಣಿತದ ಹೆದರಿಕೆ ಇದ್ದಂತೆ ಕಾಣುವುದಿಲ್ಲ. ಶಕವರ್ಷವನ್ನು ಸಕವರ್ಷ ಎಂದು ಕೊರೆದದ್ದು ಎಲ್ಲೆಲ್ಲೂ ಸಿಗುತ್ತದೆ. ಸುಕ್ರವಾರವಿದೆ, ಆದಿವಾರವಿದೆ, ಬೃಹವಾರವಿದೆ. ಜಾಗ ಸಾಲದಿದ್ದರೆ ಸೋ, ಬು ಎಂದು ಒಂದೇ ಅಕ್ಷರದಲ್ಲಿ ವಾರ ಮುಗಿಸಿದ್ದೂ ಇದೆ. ಬಿ.ಎಲ್. ರೈಸ್ ಸಂಪಾದಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟ 1904ರಷ್ಟು ಹಳೆಯದು. ಅಂಥ ಸಂಪುಟಗಳಲ್ಲಿ ಸುಕ್ರವಾರ ಎಂದು ಸಿಕ್ಕರೆ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ಅಂದಿನ ನುಡಿಗೆ ಸಾಕ್ಷಿ ಎಂದು ಅಡಿಟಿಪ್ಪಣಿ ಬರೆಯುತ್ತೇವೆ. ಬೆಳಿಗ್ಗೆ ಸುಕ್ರವಾರ ಓದಿ ನಾನು ಖುಷಿಪಟ್ಟಿರುತ್ತೇನೆ, ಮಧ್ಯಾಹ್ನ ಅದೇ ಪದ ಒಂದು ಮಗುವಿನ ಪುಸ್ತಕದಲ್ಲಿ ತಪ್ಪಾಗಿರುತ್ತದೆ.

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ರಾಗಿ ಮುದ್ದೆ ತಿರುವುತ್ತಿದ್ದಳು. ‘ಕಲ್ಲು ಕೊರ್ದೋನು ಕೆಲಸಕ್ಕೆ ಅರ್ಜಿ ಹಾಕಬೇಕಿರಲಿಲ್ಲ ಕಣೇ’ ಎಂದಳು. ‘ನಮ್ಮ ಮಕ್ಕಳು ಹಾಕಬೇಕು. ಬುದವಾರ ಅಂತ ಬರೆದ್ರೆ ಯಾರೂ ಭಾಷಾವಿಜ್ಞಾನ ಅನ್ನಲ್ಲ, ಹಳ್ಳಿ ಗಮಾರ ಅಂತಾರೆ.’ ಅವಳ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಸರಿಯಾದ ಕಾಗುಣಿತ ಕಲಿಯುವುದು ಬಡ ಮಕ್ಕಳ ಹಕ್ಕು. ಅದನ್ನು ಬಿಟ್ಟುಬಿಡಿ ಎನ್ನುವ ಧಾರಾಳ ನನ್ನಂಥ ಕಲಿತವಳಿಗೆ ಮಾತ್ರ ಸಾಧ್ಯ.

ನಮ್ಮಿಬ್ಬರ ವಾದ ಬೇರೆ ದಾರಿ ಹಿಡಿದದ್ದು ಒಬ್ಬ ಹುಡುಗಿಯ ಪುಸ್ತಕದಿಂದ. ಎರಡನೇ ತರಗತಿ. ಅಕ್ಷರ ದುಂಡಗೆ, ಜಾಣೆ. ವಾರದ ದಿನಗಳನ್ನು ಬರೆಯಿರಿ ಎಂದಾಗ ಬುಧವಾರದ ಹೊಟ್ಟೆಯನ್ನೂ ಸೀಳಿದ್ದಳು, ಶುಕ್ರವಾರದ ಒತ್ತನ್ನೂ ಕೊಟ್ಟಿದ್ದಳು. ಆದರೆ ಆ ಎರಡರ ನಡುವೆ ಒಂದು ಸಾಲು ಖಾಲಿ. ಏನಿದು ಎಂದು ಕೇಳಿದೆ. ‘ಅಲ್ಲಿ ಬೇಸ್ತಾರ ಐತೆ ಮಿಸ್. ಅದ್ನ ಬರಿಯಾಕೆ ಬರಲ್ಲ’ ಎಂದಳು.

ಇಡೀ ಪಟ್ಟಿಯಲ್ಲಿ ಬರೆಯಲು ಬಹುಶಃ ಅತಿ ಸುಲಭವಾದ ಹೆಸರು ಗುರುವಾರ. ಅದೇ ಅವಳಿಗೆ ಇಲ್ಲ. ಯಾಕೆಂದರೆ ಹೋಬಳಿಯ ಸಂತೆ ಗುರುವಾರ. ಅವಳ ಅಮ್ಮ ಸೊಪ್ಪು, ಹಸಿಮೆಣಸಿನಕಾಯಿ ಹೊತ್ತು ಬೆಳಿಗ್ಗೆಯೇ ಸಂತೆಗೆ ಹೋಗುತ್ತಾರೆ. ಮನೆಯಲ್ಲಿ ಒಂದೂವರೆ ವರ್ಷದ ತಮ್ಮ. ಅಂಗನವಾಡಿಗೆ ಅವನು ಇನ್ನೂ ಚಿಕ್ಕವನು. ಹಾಗಾಗಿ ಗುರುವಾರ ಅವಳು ಶಾಲೆಗೆ ಬರುವುದಿಲ್ಲ. ನಲಿಕಲಿಯಲ್ಲಿ ಮಕ್ಕಳು ಪ್ರತಿ ಬೆಳಿಗ್ಗೆ ಹವಾಮಾನ ನಕ್ಷೆಯಲ್ಲಿ ಆ ದಿನದ ಹೆಸರನ್ನು ಹುಡುಕಿ ಬಿಸಿಲು, ಮೋಡ, ಮಳೆ ಗುರುತಿಸುತ್ತಾರೆ. ಬೇರೆ ದಿನಗಳ ಹೆಸರನ್ನು ಅವಳು ಹೀಗೆ ಬೆರಳಿಟ್ಟು ನೋಡಿ ಕಲಿತಿದ್ದಳು. ಗುರುವಾರವನ್ನು ಗುರುವಾರದಂದು ನೋಡಿಯೇ ಇರಲಿಲ್ಲ. ಹಾಡಿನಲ್ಲಿ ಬರುವ ಗುರುವಾರ ತನ್ನ ಬೇಸ್ತಾರವೇ ಎಂಬುದೂ ಅವಳಿಗೆ ಅಷ್ಟು ಖಚಿತವಿರಲಿಲ್ಲ. ಆದರೂ ಅವಳು ಆ ದಿನವನ್ನು ಹಾರಿಸಿರಲಿಲ್ಲ, ಜಾಗ ಬಿಟ್ಟಿದ್ದಳು.

ಭಾರತದ ಶಾಸನಗಳಲ್ಲಿ ವಾರದ ಉಲ್ಲೇಖ ಮೊದಲು ಸಿಗುವುದು ಮಧ್ಯಪ್ರದೇಶದ ಏರಣ್‌ನ ಕಂಬದ ಮೇಲೆ, ಕ್ರಿ.ಶ. 484ರಲ್ಲಿ ಎಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿರುವುದೂ ದೇವಗುರುವಿನ ದಿನ, ಗುರುವಾರ. ಬೃಹಸ್ಪತಿಯೇ ನಾಲಿಗೆಯಲ್ಲಿ ಸವೆದು ಬೇಸ್ತ ಆದದ್ದು, ತೆಲುಗಿನಲ್ಲೂ ಬೇಸ್ತವಾರವಿದೆ. ಆದಿತ್ಯವಾರ ಸವೆದು ಐತಾರವಾಗಿದೆ. ನನ್ನ ಹಾಸ್ಟೆಲಿನಲ್ಲಿ ಕಲಬುರಗಿಯ ಗೆಳತಿಯೂ ತುಳು ಮಾತಾಡುವ ಗೆಳತಿಯೂ ಅದನ್ನೇ ಹೇಳುತ್ತಾರೆ. ಬೇಸ್ತಾರ ಎಂದ ಹುಡುಗಿ ತಪ್ಪು ಪದ ಹೇಳಿರಲಿಲ್ಲ. ಪುಸ್ತಕ ಗುರು ಎಂದು ಕರೆದವನನ್ನೇ ಅವಳು ಅವನ ಇನ್ನೊಂದು ಹೆಸರಿನಿಂದ ಕರೆದಿದ್ದಳು.

ಮಾರನೆಯ ದಿನ ಅಕ್ಕ ಕಪ್ಪುಹಲಗೆಯ ಮೇಲೆ ಮೂರು ಕಂಬ ಎಳೆದಳು: ಮನೆ ಹೆಸರು, ಪುಸ್ತಕದ ಹೆಸರು, ಇಂಗ್ಲಿಷ್ ಹೆಸರು. ಮೊದಲ ಕಂಬವನ್ನು ಮಕ್ಕಳೇ ತುಂಬಿದರು. ಸ್ವಾಮಾರ, ಅವತ್ತು ಎತ್ತಿಗೆ ನೊಗ ಇಲ್ಲ. ಮಂಗಳಾರ, ಕ್ಷೌರದಂಗಡಿ ಮುಚ್ಚಿರುತ್ತೆ. ಬೇಸ್ತಾರ, ಸಂತೆ. ಶನಿವಾರ, ಬೆಳಗಿನ ಶಾಲೆ. ಎರಡನೇ ಕಂಬದಲ್ಲಿ ಅಕ್ಕ ಒಂದು ಮಹಾಪ್ರಾಣವನ್ನೂ ಬಿಟ್ಟುಕೊಡಲಿಲ್ಲ. ತಪ್ಪಿದವರು ಐದು ಸಲ ಬರೆಯಬೇಕಾಯಿತು. ಮೊದಲ ಕಂಬದಲ್ಲಿ ಮಾತ್ರ ಯಾರ ತಪ್ಪನ್ನೂ ತಿದ್ದಲಿಲ್ಲ. ಮನೆಯ ಹೆಸರಿಗೂ ಹಲಗೆಯ ಮೇಲೆ ಜಾಗ ಸಿಕ್ಕಿದ್ದರಿಂದಲೋ ಏನೋ, ಪುಸ್ತಕದ ಹೆಸರನ್ನು ಬರೆಯುವಾಗ ಆ ಸಲ ಮಕ್ಕಳು ಅಷ್ಟೊಂದು ಅಳುಕಲಿಲ್ಲ.

ಆ ಹುಡುಗಿಗೆ ಗುರುವಾರ ಬರೆಯಲು ಐದು ನಿಮಿಷವೂ ಹಿಡಿಯಲಿಲ್ಲ. ಗುರುವಾರ ಶಾಲೆಗೆ ಬರುವುದು ಅಷ್ಟು ಸುಲಭವಾಗಲಿಲ್ಲ. ಅಕ್ಕ ಅವರ ಮನೆಗೆ ಹೋಗಿ, ‘ಮಗೂನ ಜೊತೇಲೇ ಕಳ್ಸಿ ಅಮ್ಮಾ, ಚಾಪೆ ಹಾಸ್ತೀನಿ’ ಎಂದು ಹೇಳಿಬಂದಳು. ಎರಡು ಗುರುವಾರ ಅವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಅವನು ಚಪ್ಪರದ ಕೆಳಗೆ ಅಂಗಾತ ಮಲಗಿ ತೂಗಾಡುವ ಹಾಳೆಗಳನ್ನು ನೋಡುತ್ತ ನಿದ್ದೆಹೋದ. ಮೂರನೇ ಗುರುವಾರ ಅವನಿಗೆ ಜ್ವರ, ಅವಳು ಬರಲಿಲ್ಲ. ನಾನು ಮೈಸೂರಿಗೆ ಹೊರಡುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗುರುವಾರಗಳು ಅರ್ಧ ತುಂಬಿದ್ದವು, ಅರ್ಧ ಖಾಲಿ ಇದ್ದವು. ಮೊನ್ನೆ ಫೋನಿನಲ್ಲಿ ಅಕ್ಕ ಹೇಳಿದಳು: ತಮ್ಮನಿಗೆ ಬರುವ ವರ್ಷ ಅಂಗನವಾಡಿ ಸಿಗುತ್ತದಂತೆ. ಅಲ್ಲಿಯವರೆಗೆ ಹೊಸ ಪಾಠವನ್ನು ಅವಳು ಗುರುವಾರ ಶುರು ಮಾಡುವುದಿಲ್ಲ, ಶುಕ್ರವಾರ ಶುರು ಮಾಡುತ್ತಾಳೆ.