ಅಜ್ಜಿ ಬದುಕಿದ್ದಾಳೆಂಬ ಕಾಗದ

ಪ್ರತಿ ನವೆಂಬರಿನಲ್ಲಿ ಸಾಂಗ್ಲಿವಾಡಿಯ ನಮ್ಮಜ್ಜಿ ತಾನು ಬದುಕಿದ್ದೇನೆಂದು ಸರಕಾರಕ್ಕೆ ತಿಳಿಸಬೇಕು. ಇಲ್ಲದಿದ್ದರೆ ಅಜ್ಜನ ನಂತರ ಬರುತ್ತಿರುವ ಕುಟುಂಬ ಪಿಂಚಣಿ ನಿಲ್ಲುತ್ತದೆ. ಮರಾಠಿಯಲ್ಲಿ ಇದು ‘ಹಯಾತೀಚಾ ದಾಖಲಾ’. ತೀರಿಕೊಂಡವರ ಹೆಸರಿಗೆ ಹಣ ಹೋಗಬಾರದು, ಹಾಗಾಗಿ ಈ ತಪಾಸಣೆ ಬೇಕು. ಆದರೆ ದುಡಿದು ಸವೆದ ಅಜ್ಜಿಯ ಹೆಬ್ಬೆರಳನ್ನು ಯಂತ್ರ ಮೂರು ಸಲವೂ ಒಪ್ಪಲಿಲ್ಲ. “ನಾ ಇಲ್ಲೇ ನಿಂತೀನಲ್ಲೋ ತಮ್ಮಾ!” ಅಂದಳು.

2014ರಲ್ಲಿ ಬಂದ ‘ಜೀವನ್ ಪ್ರಮಾಣ್’ನಲ್ಲಿ 2021ರಿಂದ ಮುಖ ತೋರಿಸಿಯೂ ಪ್ರಮಾಣಪತ್ರ ಪಡೆಯಬಹುದು. ಆಧಾರ್, ಪಿಂಚಣಿ ವಿವರ, ಸ್ಮಾರ್ಟ್‌ಫೋನ್ ಬೇಕು. ಮನೆಯಲ್ಲೇ ಕೂತು ಕಣ್ಣು ಮಿಟುಕಿಸಿದಾಗ ಅಜ್ಜಿಯ ಕೆಲಸ ಮುಗಿಯಿತು.

ಯುವ ಮಿತ್ರರೇ, ನಿಮ್ಮ ಓಣಿಯ ಹಾಸಿಗೆ ಹಿಡಿದ ಹಿರಿಯರ, ಅಂಗವಿಕಲರ ಮನೆಗೆ ಫೋನ್ ಹಿಡಿದು ಹೋಗಿ. ‘ಬದುಕಿದ್ದೀರಾ?’ ಎಂದು ಕಚೇರಿ ವರ್ಷಕ್ಕೊಮ್ಮೆ ಕೇಳುತ್ತದೆ. ‘ಹೇಗಿದ್ದೀರಿ?’ ಎಂದು ವಾರಕ್ಕೊಮ್ಮೆ ಕೇಳುವುದು ನಮ್ಮ ಪಾಲಿನ ಕೆಲಸ.