ನಡೆದ್ರೆ ನೋವು, ಕೂತ್ರೆ ಇಲ್ಲ

ನಮ್ಮ ಉಬ್ರಾಣಿ ಕಡೆ ಕಾಲುನೋವು ಅಂದ್ರೆ ಒಂದೋ ವಾಯು, ಇಲ್ಲಾ ನರ. ಎಣ್ಣೆ ತಿಕ್ಕಿ ಬಿಸಿನೀರು ಹುಯ್ಕೊಂಡ್ರೆ ಮುಗೀತು. ನಮ್ಮ ಮೈದುನಂಗೂ ಒಂದು ವರ್ಷ ಇದೇ ಔಷಧಿ ನಡೀತು. 36 ವರ್ಷದ ಗಟ್ಟಿ ಆಳು. ತೋಟದ ದಾರಿ ಅರ್ಧ ಮುಗಿಯೋ ಹೊತ್ತಿಗೆ ಪಾದ, ಮೀನಖಂಡ ಹಿಡ್ಕೊಳ್ಳೋದು. ಬದುವಿನ ಮೇಲೆ ಐದು ನಿಮಿಷ ಕೂತ್ರೆ ಹೋಗೋದು. ಎದ್ದು ಅಷ್ಟೇ ದೂರ ನಡೆದ್ರೆ ಮತ್ತೆ ಅದೇ. ಅಡಿಕೆ ಕೊಯ್ಲಿನ ದಿನ ಹಂಗೆ ಕೂತಿದ್ದಕ್ಕೆ ಅತ್ತೆ "ಕೆಲ್ಸಗಳ್ಳ" ಅಂತ ಬೈದಿದ್ದೂ ಐತೆ.

ಆಮೇಲೆ ಹೆಬ್ಬೆರಳಿಗೆ ಚಪ್ಪಲಿ ಉಜ್ಜಿ ಗಾಯ ಆಯ್ತು. ಎರಡು ತಿಂಗಳಾದ್ರೂ ಮಾಯ್ಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಮುಟ್ಟಿದ್ರೆ ಬೇಸಿಗೇಲೂ ಪಾದ ತಣ್ಣಗೆ. ದಾವಣಗೆರೆಗೆ ಕರ್ಕೊಂಡು ಹೋದ್ವಿ. ಡಾಕ್ಟ್ರು ಪಾದದ ಮೇಲೆ, ಕಾಲ್ಗಿಣ್ಣಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದ್ರು, ಸಿಗ್ಲಿಲ್ಲ. ಡಾಪ್ಲರ್ ಸ್ಕ್ಯಾನ್ ಮಾಡ್ಸಿ, "ಇದು ನರ ಅಲ್ಲಮ್ಮ, ರಕ್ತನಾಳ. ಬರ್ಜರ್ ಕಾಯಿಲೆ" ಅಂದ್ರು.

1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಜರ್ ಅನ್ನೋ ಡಾಕ್ಟ್ರು ಇದರ ಬಗ್ಗೆ ಬರೆದಿದ್ದಕ್ಕೆ ಆ ಹೆಸ್ರು. ವಯಸ್ಸಾದೋರಿಗೆ ಕೊಬ್ಬು ಕಟ್ಟಿ ನಾಳ ಮುಚ್ಚೋದು ಬೇರೆ. ಇದು ಹೆಚ್ಚಾಗಿ 45ರ ಒಳಗಿನ, ಬೀಡಿ ಸಿಗರೇಟು ಸೇದೋ ಗಂಡಸರಿಗೆ ಬರೋದು. ಕೈಕಾಲಿನ ಸಣ್ಣ ನಾಳ ಊದ್ಕೊಂಡು ಒಳಗೆ ರಕ್ತ ಹೆಪ್ಪುಗಟ್ಟುತ್ತೆ. ನಡೆಯುವಾಗ ಕಾಲಿಗೆ ಜಾಸ್ತಿ ರಕ್ತ ಬೇಕು, ಅದು ಬರೋದಿಲ್ಲ, ನೋವು ಏಳುತ್ತೆ.

ಇವನು ದಿನಕ್ಕೊಂದು ಕಟ್ಟು ಬೀಡಿ ಸೇದ್ತಿದ್ದ. "ಬಿಟ್ರೆ ಕಾಲು ಉಳಿಯುತ್ತೆ. ಇಲ್ಲಾಂದ್ರೆ ಮೊದ್ಲು ಬೆರಳು, ಆಮೇಲೆ ಪಾದ ತೆಗೀಬೇಕಾಗುತ್ತೆ. ಕಮ್ಮಿ ಮಾಡ್ತೀನಿ ಅಂದ್ರೆ ಸಾಲಲ್ಲ, ಗುಟ್ಕಾ, ಹೊಗೆಸೊಪ್ಪೂ ಕೂಡದು" ಅಂದ್ರು ಡಾಕ್ಟ್ರು.

ಮನೆಗೆ ಬಂದ ಸಂಜೆ ಅತ್ತೆ ತಮ್ಮ ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದು ಒಲೆಗೆ ಹಾಕಿದ್ರು. ನಲವತ್ತು ವರ್ಷದ ಅಭ್ಯಾಸ. "ನನ್ನ ಬಾಯಲ್ಲಿ ಇಟ್ಕೊಂಡು ಅವನಿಗೆ ಹೆಂಗೆ ಬಿಡು ಅನ್ಲಿ" ಅಂದ್ರು. ಮೊದಲ ಹದಿನೈದು ದಿನ ತಾಯಿ ಮಗ ಇಬ್ರೂ ಸಿಡಿಮಿಡಿ. ಈಗ ಹತ್ತು ತಿಂಗಳಾಯ್ತು. ಬೆರಳು ಉಳೀತು. ತೋಟದ ತನಕ ಒಂದೇ ಸಲ ಕೂತು ಹೋಗ್ತಾನೆ.

ನಿಮ್ಮ ಮನೇಲೂ ಯಾರಾದ್ರೂ ಅಷ್ಟಷ್ಟೇ ದೂರಕ್ಕೆ ನಿಂತು ನಿಂತು ನಡೀತಿದ್ರೆ ಎಣ್ಣೆ ಬಟ್ಲು ತರೋ ಮುಂಚೆ ಪಾದ ಮುಟ್ಟಿ ನೋಡ್ರಿ. ತಣ್ಣಗಿದ್ರೆ ಬಿಸಿ ಶಾಖ ಕೊಡಬ್ಯಾಡ್ರಿ, ಸುಟ್ಟ್ರೂ ಗೊತ್ತಾಗದೆ ಹೋಗಬಹುದು. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ರಿ. ಬೀಡಿ, ಹೊಗೆಸೊಪ್ಪು ಬಿಡೋಕೆ 1800-11-2356ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳಲ್ಲ. ಎಲೆಅಡಿಕೆ ಚೀಲ ಇಟ್ಕೊಂಡ ಅಕ್ಕಂದಿರೂ ಆ ನಂಬರ್ ಬರ್ಕೊಳ್ರಿ.