ಇಟ್ಟಿಗೆ ತಿರುಗಿಸುವ ತೋಳು

ಇಟ್ಟಿಗೆ ಜೋಡಿಸೋಕೂ ರೋಬೋಟ್ ಬೇಕಾ ಅಂತ ಮೂಗು ಮುರಿಯೋರಿಗೆ ಸ್ವಿಟ್ಜರ್ಲೆಂಡಿನ ಫ್ಲೇಶ್ ಹಳ್ಳಿಯ ಗಾಂಟೆನ್‌ಬೈನ್ ವೈನರಿಯ ಫೋಟೊ ತೋರಿಸಬೇಕು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಫ್ಯಾಬಿಯೊ ಗ್ರಮಾಜಿಯೊ ಮತ್ತು ಮಥಿಯಾಸ್ ಕೋಲರ್ ಲ್ಯಾಬ್ ಕಟ್ಟಿ, ಕಾರ್ಖಾನೆಯ ರೋಬೋಟ್ ತೋಳೊಂದನ್ನು ಗಾರೆ ಕೆಲಸಕ್ಕೆ ಹಚ್ಚಿದರು. ಗಾರೆ ಅಂದೆ, ಆದರೆ ಇಲ್ಲಿ ಗಾರೆಯೇ ಇಲ್ಲ, ಅಂಟು! 2006ರಲ್ಲಿ ಆ ತೋಳು ಸುಮಾರು 20,000 ಇಟ್ಟಿಗೆಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿಟ್ಟು ಆ ವೈನರಿಯ ಗೋಡೆಗೆ 72 ಫಲಕ ಮಾಡಿತು. ದೂರದಿಂದ ನೋಡಿದರೆ ಗೋಡೆಯಲ್ಲಿ ದಪ್ಪ ದಪ್ಪ ದ್ರಾಕ್ಷಿ ಉಬ್ಬಿರುತ್ತವೆ. ಹತ್ತಿರ ಹೋದರೆ ಬರೀ ಇಟ್ಟಿಗೆ, ಮಧ್ಯೆ ಬೆಳಕು ನುಸುಳುವ ಸಂದು.

ಒಂದೊಂದು ಇಟ್ಟಿಗೆಗೂ ‘ಇದು ಹತ್ತು ಡಿಗ್ರಿ, ಅದು ಹನ್ನೊಂದೂವರೆ’ ಅಂತ ಹೇಳ್ತಾ ನಿಂತರೆ ಯಾವ ಮೇಸ್ತ್ರಿಯಾದರೂ ಕರಣೆ ಎಸೆದು ಹೋಗ್ತಾನೆ.

ನನಗೆ ಹೊಟ್ಟೆಕಿಚ್ಚು ಆ ಲ್ಯಾಬಿನ ವಿದ್ಯಾರ್ಥಿಗಳ ಮೇಲೆ. ಅವರು ಗೋಡೆಯ ಚಿತ್ರ ಬರೆದು ಸುಮ್ಮನಾಗಲ್ಲ. ಪ್ರತಿ ಇಟ್ಟಿಗೆಯ ಜಾಗ, ಕೋನ ಎಲ್ಲವನ್ನೂ ಪ್ರೋಗ್ರಾಂ ಆಗಿ ಬರೆದು ತೋಳಿಗೆ ಕೊಡ್ತಾರೆ. ಕಂಪ್ಯೂಟರ್ ಪರದೆ ಮೇಲೆ ಇಟ್ಟಿಗೆಗೆ ಭಾರವೇ ಇಲ್ಲ, ಎಷ್ಟು ಬೇಕಾದರೂ ಹೊರಗೆ ಚಾಚಬಹುದು. ಲ್ಯಾಬಿನಲ್ಲಿ ಸ್ವಲ್ಪ ಜಾಸ್ತಿ ಚಾಚಿದರೆ ದಬಕ್!